ಹಳೇ ಹಾಡಿಗೆ ಸಿಂಕ್ ಯಾಕೆ ಕೂರುವುದಿಲ್ಲ? ಲ್ಯಾಪ್‌ಟಾಪ್ ಡಿಜೆಗಳ ಪ್ರಶ್ನೋತ್ತರ

ಎಲ್ಲರಿಗೂ ನಮಸ್ಕಾರ. ಲ್ಯಾಪ್‌ಟಾಪ್ ಇಟ್ಟುಕೊಂಡು ಡಿಜೆ ಮಾಡುವವರ ಪ್ರಶ್ನೆಗಳು ಗ್ರೂಪಿನಲ್ಲಿ ತುಂಬಾ ಬಂದಿವೆ. ಈ ಪೋಸ್ಟಿನ ಕೆಳಗೇ ಕೇಳಿ. ಹೊಸಬರಿಗೆ ಮೂರು ಮಾತು: ಸಿಂಕ್ ಅಂದರೆ ಎರಡು ಹಾಡುಗಳ ವೇಗ, ಬೀಟ್ ತಾನಾಗಿ ಹೊಂದಿಸುವ ಬಟನ್. ಬಿಪಿಎಂ ಅಂದರೆ ನಿಮಿಷಕ್ಕೆ ಎಷ್ಟು ಬೀಟ್ ಅನ್ನುವ ಲೆಕ್ಕ. ಕಂಟ್ರೋಲರ್ ಅಂದರೆ ಸಾಫ್ಟ್‌ವೇರನ್ನು ಕೈಯಿಂದ ಓಡಿಸಲು ಲ್ಯಾಪ್‌ಟಾಪ್‌ಗೆ ಚುಚ್ಚುವ ಬಟನ್, ಚಕ್ರಗಳ ಪೆಟ್ಟಿಗೆ. ನಾನು ಹೆಚ್ಚಾಗಿ ರಿಸೆಪ್ಶನ್, ಕಾಲೇಜ್ ಫೆಸ್ಟ್‌ಗಳಲ್ಲಿ ಪ್ಲೇ ಮಾಡುತ್ತೇನೆ, ಆಗಾಗ ಬೆಂಗಳೂರಿನ ಪಬ್‌ಗಳಲ್ಲಿ. ಯಾವ ಲ್ಯಾಪ್‌ಟಾಪ್, ಯಾವ ಕಂಟ್ರೋಲರ್, ಯಾವ ಸಾಫ್ಟ್‌ವೇರ್ ಅಂತ ಜೊತೆಗೆ ಬರೆದರೆ ಉತ್ತರ ಕೊಡುವುದು ಸುಲಭ.

ಪ್ರಶ್ನೆ (ದಾವಣಗೆರೆ): ಸರ್, ಈಗಷ್ಟೇ ಕಲಿಯಲು ಶುರು ಮಾಡಿದ್ದೇನೆ. 8 ಜಿಬಿ ರ‍್ಯಾಮ್ ಇರುವ ಲ್ಯಾಪ್‌ಟಾಪ್ ಇದೆ, ಕಂಟ್ರೋಲರ್ ಇಲ್ಲ. ಸೆರಾಟೋ, ರೆಕಾರ್ಡ್‌ಬಾಕ್ಸ್, ವರ್ಚುವಲ್ ಡಿಜೆ, ಇವುಗಳಲ್ಲಿ ಯಾವುದು? ಸ್ನೇಹಿತನ ಹತ್ತಿರ ಒಂದರ ಕ್ರ್ಯಾಕ್ ಕಾಪಿ ಇದೆ.

ಉತ್ತರ: ಕ್ರ್ಯಾಕ್ ಕಾಪಿ ಬೇಡ. ಅದಕ್ಕೆ ಅಪ್‌ಡೇಟ್ ಇಲ್ಲ, ಒಳಗೆ ಏನು ಸೇರಿಸಿದ್ದಾರೋ ಗೊತ್ತಿಲ್ಲ. ಅದು ಕೈಕೊಡುವುದು ಮನೆಯಲ್ಲಲ್ಲ, ಸ್ಟೇಜಿನ ಮೇಲೆ. ಉಚಿತವಾಗಿ ಕಲಿಯಲು ದಾರಿ ಬೇಕಾದಷ್ಟಿದೆ. ಮಿಕ್ಸ್ (Mixxx) ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ, ಓಪನ್ ಸೋರ್ಸ್. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತದೆ. ವರ್ಚುವಲ್ ಡಿಜೆ ಕೂಡ ಮನೆಯಲ್ಲಿ ಕಲಿಯಲು ಉಚಿತ. ದುಡ್ಡಿಗೆ ಪ್ಲೇ ಮಾಡುವಾಗ ಲೈಸೆನ್ಸ್ ಬೇಕು.

ಆಮೇಲಿನ ಆಯ್ಕೆ ನೀವು ಕೊಳ್ಳುವ ಕಂಟ್ರೋಲರ್ ಮೇಲೆ ನಿಂತಿದೆ. ಯಾವ ಕಂಟ್ರೋಲರ್ ಜೊತೆ ಯಾವ ಸಾಫ್ಟ್‌ವೇರ್ ಸಿಗುತ್ತದೆ ಅಂತ ನೋಡಿಕೊಂಡೇ ಕೊಳ್ಳಿ. ಮುಂದೆ ಪಬ್‌ನಲ್ಲಿ ಪ್ಲೇ ಮಾಡುವ ಆಸೆ ಇದ್ದರೆ ರೆಕಾರ್ಡ್‌ಬಾಕ್ಸ್ ಕಲಿಯಿರಿ. ಅಲ್ಲಿ ಸಾಮಾನ್ಯವಾಗಿ ಪಯೋನಿಯರ್ ಸಿಡಿಜೆ, ಅಂದರೆ ಪೆನ್‌ಡ್ರೈವ್‌ನಿಂದಲೇ ಹಾಡು ಓಡಿಸುವ ಡಿಜೆ ಪ್ಲೇಯರ್‌ಗಳು, ಇರುತ್ತವೆ. ಮನೆಯಲ್ಲಿ ಹಾಡು ಸಿದ್ಧ ಮಾಡಿ ಪೆನ್‌ಡ್ರೈವ್‌ಗೆ ಎಕ್ಸ್‌ಪೋರ್ಟ್ ಮಾಡಿಕೊಂಡು ಹೋದರೆ ಲ್ಯಾಪ್‌ಟಾಪ್ ಹೊರುವ ಕೆಲಸವೇ ಇಲ್ಲ. ಪೆನ್‌ಡ್ರೈವನ್ನು ಫ್ಯಾಟ್32ಗೆ ಫಾರ್ಮ್ಯಾಟ್ ಮಾಡಿ, ಹಳೇ ಪ್ಲೇಯರ್‌ಗಳೂ ಓದುತ್ತವೆ.

ಪ್ರಶ್ನೆ (ಹುಬ್ಬಳ್ಳಿ): ಅಣ್ಣಾ, ಹೊಸ ಹಾಡುಗಳಿಗೆ ಸಿಂಕ್ ಒತ್ತಿದರೆ ಪಕ್ಕಾ ಕೂರುತ್ತೆ. ಎಂಬತ್ತರ ದಶಕದ ಕನ್ನಡ ಹಾಡು ಹಾಕಿದರೆ ಮೊದಲು ಸರಿ ಇರುತ್ತೆ, ಅರ್ಧ ನಿಮಿಷ ಆಗೋದ್ರಲ್ಲಿ ಎರಡು ಕುದುರೆ ಬೇರೆ ಬೇರೆ ಓಡಿದ ಹಾಗೆ ಕೇಳುತ್ತೆ. ಜನಪದ ಹಾಡುಗಳಂತೂ ಕೇಳಲೇಬೇಡಿ, ಬಿಪಿಎಂ ಏನೇನೋ ತೋರಿಸುತ್ತೆ. ಸಾಫ್ಟ್‌ವೇರ್ ಬದಲಾಯಿಸಬೇಕಾ?

ಉತ್ತರ: ಸಾಫ್ಟ್‌ವೇರ್ ಬದಲಾಯಿಸಿದರೂ ಇದೇ ಕತೆ. ಇದು ಒಳ್ಳೇ ಪ್ರಶ್ನೆ, ನಮ್ಮ ಹಾಡು ಪ್ಲೇ ಮಾಡುವ ಪ್ರತಿಯೊಬ್ಬರಿಗೂ ಬೇಕಾದದ್ದು. ಸ್ವಲ್ಪ ಉದ್ದವಾಗಿ ಹೇಳುತ್ತೇನೆ.

ಈ ಸಾಫ್ಟ್‌ವೇರ್‌ಗಳು ಹುಟ್ಟಿದ್ದು ಹೌಸ್, ಟೆಕ್ನೋ, ಹಿಪ್‌ಹಾಪ್ ಪ್ಲೇ ಮಾಡುವವರಿಗಾಗಿ. ಆ ಸಂಗೀತದ ತಾಳ ಬಹುತೇಕ ಮಷೀನಿನದು, ಕೊನೆಯ ತನಕ ಒಂದೇ ವೇಗ. ಹಾಗಾಗಿ ಸಾಫ್ಟ್‌ವೇರ್ ಹಾಡಿನ ಮೊದಲ ಬೀಟ್ ಹುಡುಕುತ್ತದೆ, ಒಂದು ಬಿಪಿಎಂ ಲೆಕ್ಕ ಹಾಕುತ್ತದೆ, ಆಮೇಲೆ ಕೊನೆವರೆಗೂ ಸಮ ಅಂತರದಲ್ಲಿ ಗೆರೆ ಎಳೆದುಬಿಡುತ್ತದೆ. ಅದೇ ಬೀಟ್‌ಗ್ರಿಡ್. ಸಿಂಕ್ ಬಟನ್ ಹಾಡನ್ನು ಕೇಳಿಸಿಕೊಳ್ಳುವುದಿಲ್ಲ, ಈ ಗೆರೆಗಳನ್ನಷ್ಟೇ ನೋಡುತ್ತದೆ.

ಆದರೆ ನಮ್ಮ ಎಪ್ಪತ್ತು, ಎಂಬತ್ತರ ದಶಕದ ಸಿನಿಮಾ ಹಾಡು ಆರ್ಕೆಸ್ಟ್ರಾ ಒಟ್ಟಿಗೆ ಕೂತು ನುಡಿಸಿದ್ದು. ತಬಲಾ, ಡೋಲಕ್, ಡ್ರಮ್ಸ್ ಎಲ್ಲ ಮನುಷ್ಯರ ಕೈ. ಪಲ್ಲವಿಯಲ್ಲಿ ಒಂದು ವೇಗ, ಚರಣಕ್ಕೆ ಬರುವಾಗ ಕೂದಲೆಳೆಯಷ್ಟು ಜಾಸ್ತಿ. ಕೇಳುವವರಿಗೆ ಅದು ಗೊತ್ತೇ ಆಗುವುದಿಲ್ಲ, ಆ ಹಾಡಿನ ಜೀವ ಇರುವುದೂ ಅಲ್ಲೇ. ಗ್ರಿಡ್‌ಗೆ ಮಾತ್ರ ಅದು ತಪ್ಪಾಗಿ ಕಾಣುತ್ತದೆ. ಲೆಕ್ಕ ನೋಡಿ. ಗ್ರಿಡ್ 120 ಅಂದುಕೊಂಡಿದೆ, ಹಾಡು 120.5ರಲ್ಲಿ ಓಡುತ್ತಿದೆ ಅಂತಿಟ್ಟುಕೊಳ್ಳಿ. ಬರೀ ಅರ್ಧ ಬಿಪಿಎಂ ವ್ಯತ್ಯಾಸ. 120ರಲ್ಲಿ ಒಂದು ಬೀಟ್ ಅಂದರೆ ಅರ್ಧ ಸೆಕೆಂಡು. 12 ಸೆಕೆಂಡಿಗೆ ಹಾಡು ಸುಮಾರು 50 ಮಿಲಿಸೆಕೆಂಡ್ ಮುಂದೆ ಹೋಗಿರುತ್ತದೆ, ಅಷ್ಟು ಕಿವಿಗೆ ಕೇಳಿಸುತ್ತದೆ. ಒಂದು ನಿಮಿಷಕ್ಕೆ ಸರಿಯಾಗಿ ಅರ್ಧ ಬೀಟ್ ಆಚೆ.

ಏನು ಮಾಡಬೇಕು? ಮನೆಯಲ್ಲಿ ಹಾಡನ್ನು ತೆರೆದು ಗ್ರಿಡ್ ಗೆರೆಗಳಿಗೆ ಕ್ಲಿಕ್ ಅನ್ನುವ ಮೆಟ್ರೋನೋಮ್ ಆನ್ ಮಾಡಿ ಪೂರ್ತಿ ಕೇಳಿ. ಎಲ್ಲಿ ಕ್ಲಿಕ್ ಜಾರುತ್ತದೋ ಅಲ್ಲಿ ಹೊಸ ಬೀಟ್ ಮಾರ್ಕರ್ ಹಾಕಿ. ಸೆರಾಟೋದಲ್ಲಿ ಒಂದೇ ಹಾಡಿಗೆ ಹಲವು ಮಾರ್ಕರ್ ಹಾಕಬಹುದು. ರೆಕಾರ್ಡ್‌ಬಾಕ್ಸ್‌ನಲ್ಲಿ ಅನಾಲಿಸಿಸ್ ಸೆಟ್ಟಿಂಗ್‌ನಲ್ಲಿ ಡೈನಾಮಿಕ್ ಅಂತ ಇದೆ, ವೇಗ ಬದಲಾಗುವ ಹಾಡುಗಳಿಗೆ ಅದನ್ನು ಆರಿಸಿ ಮತ್ತೊಮ್ಮೆ ಅನಲೈಸ್ ಮಾಡಿ. ಎಲ್ಲ ಹಾಡಿಗೂ ಇಷ್ಟು ಶ್ರಮ ಬೇಡ. ನೀವು ಪದೇ ಪದೇ ಹಾಕುವ ಹಾಡುಗಳಿಗೆ, ಅದರಲ್ಲೂ ಒಳಗೆ ಬರುವ ಮತ್ತು ಹೊರಗೆ ಹೋಗುವ ಜಾಗಗಳಲ್ಲಿ ಗ್ರಿಡ್ ಸರಿ ಇದ್ದರೆ ಸಾಕು. ನಡುವೆ ಜಾರಿದರೆ ಯಾರಿಗೇನು, ಆಗ ಒಂದೇ ಹಾಡು ತಾನೇ ಕೇಳುತ್ತಿರುವುದು.

ಇನ್ನೊಂದು ದಾರಿ ಇದಕ್ಕಿಂತ ಸಲೀಸು. ಹಳೇ ಹಾಡಿನಿಂದ ಹೊರಗೆ ಬರುವಾಗ ಅದರ ನಾಲ್ಕು ಬೀಟ್ ಲೂಪ್ ಮಾಡಿ, ಅಂದರೆ ಅಷ್ಟೇ ಮತ್ತೆ ಮತ್ತೆ ಬರುವ ಹಾಗೆ ಮಾಡಿ. ಲೂಪ್ ಆದ ತಕ್ಷಣ ಅದರ ವೇಗ ಒಂದೇ ಸಮ ಆಗಿಬಿಡುತ್ತದೆ, ಜಾರುವ ಪ್ರಶ್ನೆಯೇ ಇಲ್ಲ. ಅದರ ಮೇಲೆ ಹೊಸ ಹಾಡನ್ನು ಕಿವಿಯಿಂದ ಕೂರಿಸಿ ಬೇಗ ಬದಲಾಯಿಸಿ. ಎಂಟು ಬೀಟ್ ಸಾಕು. ಹಳೇ ಹಾಡಿಗೆ ಎರಡು ನಿಮಿಷದ ಉದ್ದ ಮಿಕ್ಸ್ ಯಾಕೆ ಬೇಕು?

ಜನಪದ ಹಾಡಿನ ವಿಷಯ ಬೇರೆ. ಅವುಗಳಲ್ಲಿ ತುಂಬಾ ಹಾಡುಗಳು ಮೂರು ಮೂರಾಗಿ ನಡೆಯುತ್ತವೆ, ಅಂದರೆ 6/8. ಸಾಫ್ಟ್‌ವೇರ್ ಎರಡು, ನಾಲ್ಕರ ಲೆಕ್ಕದಲ್ಲಿ ಹುಡುಕುತ್ತದೆ. ಕುಣಿಯುವವರ ಕಾಲು ನಿಮಿಷಕ್ಕೆ 100 ಸಲ ಬೀಳುತ್ತಿದ್ದರೆ ಸ್ಕ್ರೀನ್ ಮೇಲೆ 150 ಅಂತಲೋ 75 ಅಂತಲೋ ಬರುತ್ತದೆ. ಆ ಸಂಖ್ಯೆ ನಂಬಿ ಸಿಂಕ್ ಒತ್ತಿದರೆ ಎಲ್ಲಾ ಹಾಳು. ಟ್ಯಾಪ್ ಬಟನ್ ಇರುತ್ತಲ್ಲ, ಕಾಲು ಬೀಳುವ ಜಾಗಕ್ಕೆ ಸರಿಯಾಗಿ ಅದನ್ನು ಒತ್ತುತ್ತಾ ಹೋಗಿ, ನಿಜವಾದ ಬಿಪಿಎಂ ಬರುತ್ತದೆ. ಕಾಮೆಂಟ್ ಕಾಲಂನಲ್ಲಿ 6/8 ಅಂತ ಬರೆದಿಡಿ. ಇಂಥ ಹಾಡನ್ನು ನಾಲ್ಕರ ತಾಳದ ಹಾಡಿನ ಮೇಲೆ ಕೂರಿಸಲು ಹೋಗಬೇಡಿ, ವೇಗ ಒಂದೇ ಇದ್ದರೂ ಒಳಗಿನ ನಡೆ ಬಡಿದಾಡುತ್ತದೆ. ತಮಟೆಯ ಒಂದು ಸುತ್ತು ಮುಗಿಯುವ ಜಾಗದಲ್ಲಿ ಕಟ್ ಮಾಡಿ. ಜನ ಕಿರುಚುತ್ತಾರೆ, ಖುಷಿಯಿಂದ.

ಅದೇ ಹುಬ್ಬಳ್ಳಿಯವರು: ಅಬ್ಬಾ, ಈಗ ಅರ್ಥ ಆಯ್ತು ಅಣ್ಣಾ. ಹಾಗಾದ್ರೆ ಹಳೇ ಹಾಡನ್ನು ಎಡಿಟ್ ಮಾಡಿ ಪೂರ್ತಿ ಒಂದೇ ವೇಗಕ್ಕೆ ತಂದುಬಿಟ್ಟರೆ?

ಉತ್ತರ: ಏಬಲ್‌ಟನ್ ಲೈವ್ ಅನ್ನುವ ಸಂಗೀತ ಸಾಫ್ಟ್‌ವೇರ್‌ನಲ್ಲಿ ವಾರ್ಪ್ ಮಾಡಿ, ಅಂದರೆ ಬೀಟ್‌ಗಳನ್ನು ಹಿಗ್ಗಿಸಿ ಕುಗ್ಗಿಸಿ, ತರಬಹುದು, ಮಾಡುವವರಿದ್ದಾರೆ. ನನಗಂತೂ ಹಾಡಿನ ಉಸಿರೇ ನಿಂತ ಹಾಗೆ ಕೇಳುತ್ತದೆ. ಮೊದಲ ಹದಿನಾರು ಬೀಟ್ ಮತ್ತು ಕೊನೆಯ ಹದಿನಾರು ಬೀಟ್ ಮಾತ್ರ ಸರಿಪಡಿಸಿ, ನಡುವೆ ಕೈ ಹಚ್ಚಬೇಡಿ.

ಪ್ರಶ್ನೆ (ಮಂಡ್ಯ): ಸರ್, ಮನೆಯಲ್ಲಿ ಏನೂ ತೊಂದರೆ ಇಲ್ಲ. ಫಂಕ್ಷನ್‌ನಲ್ಲಿ ಮಾತ್ರ ನಡುನಡುವೆ ಪಟ್ ಪಟ್ ಅಂತ ಸೌಂಡ್ ಒಡೆಯುತ್ತದೆ. ಹೊಸ ಲ್ಯಾಪ್‌ಟಾಪ್ ತಗೋಬೇಕಾ?

ಉತ್ತರ: ಮೊದಲು ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಬಫರ್, ಅಂದರೆ ಲ್ಯಾಪ್‌ಟಾಪ್ ಒಂದು ಸಲಕ್ಕೆ ಸಿದ್ಧ ಮಾಡುವ ಸೌಂಡಿನ ಕಂತು, ಎಷ್ಟಿದೆ ನೋಡಿ. ಸೌಂಡು ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ ಹೊರಗೆ ಬರುತ್ತದೆ. ಬಫರ್ 128 ಇದ್ದರೆ ಲ್ಯಾಪ್‌ಟಾಪ್ ಪ್ರತಿ 2.9 ಮಿಲಿಸೆಕೆಂಡಿಗೂ ಹೊಸ ಕಂತು ಸಿದ್ಧ ಮಾಡಬೇಕು. ಒಂದು ಕಂತು ತಡವಾದರೂ ಪಟ್ ಅನ್ನುತ್ತದೆ. 512 ಇಟ್ಟರೆ 11.6 ಮಿಲಿಸೆಕೆಂಡ್ ಸಮಯ ಸಿಗುತ್ತದೆ. ಹಾಡನ್ನು ಕೈಯಿಂದ ಹಿಂದೆ ಮುಂದೆ ಎಳೆದು ಸ್ಕ್ರ್ಯಾಚ್ ಮಾಡುವವರಿಗೆ ಕಡಿಮೆ ಬಫರ್ ಬೇಕು. ರಿಸೆಪ್ಶನ್‌ಗೆ 512 ಧಾರಾಳ ಸಾಕು.

ವಿಂಡೋಸ್ ಆದರೆ ಕಂಟ್ರೋಲರ್ ಕಂಪನಿಯವರದೇ ಏಸಿಯೋ (ASIO) ಡ್ರೈವರ್ ಹಾಕಿ, ಅದು ಸೌಂಡನ್ನು ತಡವಿಲ್ಲದೆ ಕಳಿಸುತ್ತದೆ. ವೈಫೈ, ಬ್ಲೂಟೂತ್ ಆಫ್ ಮಾಡಿ. ಪವರ್ ಸೆಟ್ಟಿಂಗ್‌ನಲ್ಲಿ ಹೈ ಪರ್ಫಾರ್ಮೆನ್ಸ್ ಇಡಿ, ಯುಎಸ್‌ಬಿಗೆ ಕರೆಂಟ್ ಉಳಿಸುವ ಸೆಟ್ಟಿಂಗ್ ತೆಗೆಯಿರಿ. ಕಂಟ್ರೋಲರ್ ವೈರನ್ನು ಹಬ್‌ಗೆ ಹಾಕದೆ ಸೀದಾ ಲ್ಯಾಪ್‌ಟಾಪ್‌ಗೇ ಚುಚ್ಚಿ. ಲೇಟೆನ್ಸಿಮಾನ್ ಅಂತ ಒಂದು ಪ್ರೋಗ್ರಾಂ ಇದೆ, ಯಾವ ಡ್ರೈವರ್ ತಡ ಮಾಡುತ್ತಿದೆ ಅಂತ ಅದು ತೋರಿಸುತ್ತದೆ.

ಮನೆಯಲ್ಲಿ ಸರಿ, ಫಂಕ್ಷನ್‌ನಲ್ಲಿ ಮಾತ್ರ ತೊಂದರೆ ಅಂದಿರಿ. ಹಾಗಾದರೆ ಬಿಸಿಯನ್ನೂ ನೋಡಿ. ಶಾಮಿಯಾನದ ಕೆಳಗೆ, ಪಕ್ಕದಲ್ಲೇ ಹ್ಯಾಲೋಜನ್ ಲೈಟು, ಟೇಬಲ್ ಮೇಲೆ ದಪ್ಪ ಬಟ್ಟೆ. ಲ್ಯಾಪ್‌ಟಾಪ್ ಬಿಸಿಯಾದರೆ ಪ್ರೊಸೆಸರ್ ತಾನಾಗಿಯೇ ವೇಗ ಇಳಿಸುತ್ತದೆ. ಕೆಳಗೆ ಗಾಳಿ ಆಡುವ ಸ್ಟ್ಯಾಂಡ್ ಇಡಿ.

ಪ್ರಶ್ನೆ (ಬೆಂಗಳೂರು): ಅಣ್ಣ, ನಾನು ಕಾಲೇಜ್ ಫೆಸ್ಟ್‌ಗಳಲ್ಲಿ ಪ್ಲೇ ಮಾಡ್ತೀನಿ. ಚಾರ್ಜರ್ ಹಾಕಿದ ತಕ್ಷಣ ಸ್ಪೀಕರ್‌ನಲ್ಲಿ ಗುಂಯ್ ಅಂತ ಶಬ್ದ. ಸೌಂಡ್ ಸಿಸ್ಟಂ ಅಣ್ಣ ಅರ್ತ್ ಪಿನ್ ಮುರಿದುಬಿಡು ಅಂದ್ರು.

ಉತ್ತರ: ಮುರಿಯಬೇಡಮ್ಮ, ಖಂಡಿತ ಬೇಡ. ಅರ್ತ್ ಇರುವುದು ನಿನ್ನ ಜೀವ ಉಳಿಸಲು. ಲ್ಯಾಪ್‌ಟಾಪ್ ಒಂದು ಕಡೆಯ ಕರೆಂಟಿನಲ್ಲಿ, ಸೌಂಡ್ ಸಿಸ್ಟಂ ಇನ್ನೊಂದು ಕಡೆಯ ಕರೆಂಟಿನಲ್ಲಿ ಇದ್ದಾಗ ಎರಡರ ಅರ್ತ್ ನಡುವೆ ಸುತ್ತು ಆಗಿ ಈ ಶಬ್ದ ಬರುತ್ತದೆ. ಎರಡಕ್ಕೂ ಒಂದೇ ಪಾಯಿಂಟ್‌ನಿಂದ ಕರೆಂಟ್ ಕೊಡಿಸು. ಕಂಟ್ರೋಲರ್‌ನಲ್ಲಿ ಎಕ್ಸ್‌ಎಲ್‌ಆರ್ (ಮೈಕ್ ವೈರಿನಂಥ ಮೂರು ಪಿನ್ನಿನ) ಔಟ್ ಇದ್ದರೆ ಅದನ್ನೇ ಬಳಸು. ಇಲ್ಲದಿದ್ದರೆ ಕಂಟ್ರೋಲರ್ ಮತ್ತು ಸೌಂಡ್ ಸಿಸ್ಟಂ ನಡುವೆ ಹಾಕುವ ಒಂದು ಸ್ಟೀರಿಯೋ ಡಿಐ ಬಾಕ್ಸ್ ಕೊಂಡು ಬ್ಯಾಗಿನಲ್ಲಿ ಇಟ್ಟುಕೋ, ಆಡಿಯೋ ವೈರಿನ ಅರ್ತ್ ಸುತ್ತನ್ನು ಮಾತ್ರ ಕತ್ತರಿಸುವ ಅದರ ಗ್ರೌಂಡ್ ಲಿಫ್ಟ್ ಸ್ವಿಚ್ ಒತ್ತಿದರೆ ಹೆಚ್ಚಿನ ಕಡೆ ಶಬ್ದ ನಿಲ್ಲುತ್ತದೆ.

ಪ್ರಶ್ನೆ (ಶಿವಮೊಗ್ಗ): ಯೂಟ್ಯೂಬ್‌ನಿಂದ ಇಳಿಸಿದ ಹಾಡು ದೊಡ್ಡ ಸಿಸ್ಟಂನಲ್ಲಿ ಚಪ್ಪಟೆಯಾಗಿ ಕೇಳುತ್ತೆ. ವೇವ್ ಫೈಲ್‌ಗೆ ಬದಲಾಯಿಸಿದರೆ ಸರಿ ಹೋಗುತ್ತಾ?

ಉತ್ತರ: ಹೋಗಲ್ಲ. ಒಮ್ಮೆ ಕಳೆದುಹೋದದ್ದು ಫೈಲ್ ದೊಡ್ಡದಾದ ಮಾತ್ರಕ್ಕೆ ವಾಪಸ್ ಬರುವುದಿಲ್ಲ. ಹಾಡನ್ನು ದುಡ್ಡು ಕೊಟ್ಟು ಕೊಳ್ಳಿ. 320 ಕೆಬಿಪಿಎಸ್ ಎಂಪಿ3 ಸಾಕು, ಫ್ಲ್ಯಾಕ್ ಅಥವಾ ವೇವ್ ಸಿಕ್ಕರೆ ಇನ್ನೂ ಒಳ್ಳೆಯದು. ಹಾಡು ಮಾಡಿದವರಿಗೂ ನಾಲ್ಕು ಕಾಸು ಸೇರುತ್ತದೆ, ನಮ್ಮ ಹೊಟ್ಟೆಪಾಡು ಅವರಿಂದ ತಾನೇ.

ಸೌಂಡ್ ಚಪ್ಪಟೆಯಾಗಲು ಇನ್ನೊಂದು ಕಾರಣ ಕೆಂಪು ಲೈಟು. ಹಳೇ ಹಾಡಿನ ರೆಕಾರ್ಡಿಂಗ್ ಮೆತ್ತಗಿರುತ್ತದೆ, ಅದಕ್ಕೆ ಗೇನ್, ಅಂದರೆ ಆ ಹಾಡಿನ ಮಟ್ಟ, ಏರಿಸುತ್ತೀರಿ. ಮುಂದೆ ಹೊಸ ಹಾಡು ಬಂದಾಗ ಇಳಿಸುವುದು ಮರೆತುಹೋಗುತ್ತದೆ. ಮೀಟರ್ ಕೆಂಪಿಗೆ ಹೋದರೆ ಸೌಂಡು ಮಿತಿ ಮೀರದಂತೆ ತಡೆಯುವ ಲಿಮಿಟರ್ ಎಲ್ಲವನ್ನೂ ಒತ್ತಿ ಹಿಂಡುತ್ತದೆ, ಡೋಲಿನ ಪೆಟ್ಟೇ ಸಾಯುತ್ತದೆ. ಆಟೋ ಗೇನ್ ಆನ್ ಇಡಿ. ಸೌಂಡ್ ಸಾಲದಿದ್ದರೆ ಸಿಸ್ಟಂನವರಿಗೆ ಏರಿಸಲು ಹೇಳಿ, ನಿಮ್ಮ ಕಡೆಯಿಂದ ಏರಿಸಬೇಡಿ.

ಪ್ರಶ್ನೆ (ಮೈಸೂರು): ಸಿಂಕ್ ಒತ್ತುವವರು ಡಿಜೆಗಳೇ ಅಲ್ಲ, ವಿನೈಲ್ (ಹಳೇ ಕಾಲದ ಪ್ಲೇಟ್ ರೆಕಾರ್ಡ್) ಬಳಸುವವರೇ ನಿಜವಾದ ಡಿಜೆ ಅಂತಾರಲ್ಲ?

ಉತ್ತರ: ಬಿಡಿ ಸರ್. ವಿನೈಲ್ ಉಸ್ತಾದರಲ್ಲೇ ಎಷ್ಟೋ ಜನ ಸಾಫ್ಟ್‌ವೇರ್ ಬಳಸುತ್ತಿದ್ದಾರೆ. ನ್ಯೂಜಿಲೆಂಡಿನ ಸೆರಾಟೋದವರು ರೇನ್ ಕಂಪನಿ ಜೊತೆ ಸೇರಿ ಸ್ಕ್ರ್ಯಾಚ್ ಲೈವ್ ತಂದದ್ದು 2004ರಲ್ಲಿ. ಅದು ವಿನೈಲ್ ರೆಕಾರ್ಡ್ ತಿರುಗಿಸಿ ಲ್ಯಾಪ್‌ಟಾಪಿನ ಹಾಡು ಓಡಿಸುವ ಸಾಫ್ಟ್‌ವೇರ್. ಅದರ ಜೊತೆಗಿನ ರೆಕಾರ್ಡಿನಲ್ಲಿ ಹಾಡಿಲ್ಲ, ಟೈಂಕೋಡ್ ಅನ್ನುವ ಕೀರಲು ಶಬ್ದ ಇದೆ. ಸೂಜಿ ಎಲ್ಲಿದೆ, ರೆಕಾರ್ಡ್ ಯಾವ ವೇಗದಲ್ಲಿ ಯಾವ ಕಡೆ ತಿರುಗುತ್ತಿದೆ ಅಂತ ಸಾಫ್ಟ್‌ವೇರ್ ಅದರಿಂದ ತಿಳಿದುಕೊಂಡು ಲ್ಯಾಪ್‌ಟಾಪಿನ ಹಾಡನ್ನು ಹಾಗೇ ಓಡಿಸುತ್ತದೆ. ಸಿಂಕ್ ಬಳಸಿ, ತಪ್ಪೇನಿಲ್ಲ. ಸಿಂಕ್ ಇಲ್ಲದೆಯೂ ಕಿವಿಯಿಂದ ಕೂರಿಸಲು ಕಲಿತಿರಿ, ನಮ್ಮ ಹಾಡುಗಳಿಗೆ ಅದು ಬೇಕೇ ಬೇಕು.

ಪ್ರಶ್ನೆ (ತುಮಕೂರು): ಸ್ಟೆಮ್ಸ್ ಬಳಸಿ ದನಿ ಬೇರೆ, ಮ್ಯೂಸಿಕ್ ಬೇರೆ ಮಾಡಬಹುದಂತೆ. ನಮ್ಮ ಹಾಡಿಗೆ ಕೆಲಸ ಮಾಡುತ್ತಾ?

ಉತ್ತರ: ಮಾಡುತ್ತದೆ. ಆದರೆ ಕೊಳಲು, ನಾದಸ್ವರ ಇರುವ ಕಡೆ ಅವನ್ನೂ ದನಿ ಅಂದುಕೊಂಡು ಎಳೆದುಕೊಳ್ಳುವುದುಂಟು. ಮನೆಯಲ್ಲಿ ಕೇಳಿ ನೋಡಿ, ಚೆನ್ನಾಗಿ ಬಂದ ಹಾಡುಗಳನ್ನು ಮಾತ್ರ ಬಳಸಿ. ಪ್ರೊಸೆಸರ್‌ಗೆ ಭಾರ ಜಾಸ್ತಿ, ಸ್ಟೆಮ್ಸ್ ಮೊದಲೇ ಸಿದ್ಧ ಮಾಡಿಡುವ ಸೌಲಭ್ಯ ಇದ್ದರೆ ಹಾಗೇ ಮಾಡಿ.

ಪ್ರಶ್ನೆ (ಹಾಸನ): ನನ್ನ ಹತ್ತಿರ ಒಂದೇ ಲ್ಯಾಪ್‌ಟಾಪ್. ನಡುವೆ ಹ್ಯಾಂಗ್ ಆದರೆ ಏನು ಗತಿ? ಇನ್ನೊಂದು, ಹತ್ತಕ್ಕೆ ಪೊಲೀಸರು ಬಂದು ನಿಲ್ಲಿಸಿ ಅಂದಾಗ ಸೆಟ್ ಅರ್ಧಕ್ಕೇ ನಿಂತು ಜನ ಬೇಜಾರಾಗ್ತಾರೆ.

ಉತ್ತರ: ಮೊದಲನೆಯದು. ಫೋನಿನಲ್ಲಿ ಅರ್ಧ ಗಂಟೆಯ ರೆಕಾರ್ಡ್ ಮಾಡಿದ ಮಿಕ್ಸ್ ಇರಲಿ. ಅದರ ವೈರು ನಿಮ್ಮ ಕಂಟ್ರೋಲರ್‌ಗೆ ಬೇಡ. ಲ್ಯಾಪ್‌ಟಾಪ್ ಸತ್ತರೆ ಅನೇಕ ಕಂಟ್ರೋಲರ್‌ಗಳಲ್ಲಿ ಏನೂ ಬರುವುದಿಲ್ಲ. ಸೌಂಡ್ ಸಿಸ್ಟಂನವರ ಮಿಕ್ಸರ್‌ನಲ್ಲಿ ಬೇರೆ ಚಾನೆಲ್ ಕೇಳಿ ಅಲ್ಲಿಗೇ ಹಾಕಿಸಿ, ಕಾರ್ಯಕ್ರಮಕ್ಕೆ ಮೊದಲೇ ಒಮ್ಮೆ ಪ್ಲೇ ಮಾಡಿ ನೋಡಿ. ಫೋನು ಏರೋಪ್ಲೇನ್ ಮೋಡ್‌ನಲ್ಲಿರಲಿ, ಇಲ್ಲದಿದ್ದರೆ ರಿಂಗ್‌ಟೋನ್ ಛತ್ರಕ್ಕೆಲ್ಲ ಕೇಳುತ್ತದೆ.

ಎರಡನೆಯದು ಕಾನೂನು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರ ತನಕ ಧ್ವನಿವರ್ಧಕ ಹಾಕುವಂತಿಲ್ಲ. ಪಕ್ಕದ ಮನೆಯಲ್ಲಿ ವಯಸ್ಸಾದವರು, ಪರೀಕ್ಷೆಗೆ ಓದುವ ಮಕ್ಕಳು ಇರುತ್ತಾರೆ, ಅದು ನ್ಯಾಯವೇ. ಹಾಗಾಗಿ ಸೆಟ್ಟನ್ನು ಹಿಂದಿನಿಂದ ಮುಂದಕ್ಕೆ ಕಟ್ಟಿ. ಸಾಫ್ಟ್‌ವೇರ್‌ನಲ್ಲಿ ಸಮಯಕ್ಕೊಂದು ಪ್ಲೇಲಿಸ್ಟ್ ಮಾಡಿ: ಊಟದ ಹೊತ್ತಿನದು, ಎಂಟೂವರೆಯದು, ಒಂಬತ್ತೂಕಾಲಿನದು. ಎಲ್ಲರೂ ಕುಣಿಯುವ ಹಾಡುಗಳು ಒಂಬತ್ತೂಕಾಲಿಗೇ ಬರಲಿ. ಒಂಬತ್ತೂ ಐವತ್ತಕ್ಕೆ ಕೊನೆಯ ಹಾಡು ಇದು ಅಂತ ಮೈಕಿನಲ್ಲಿ ಹೇಳಿಬಿಡಿ. ಮದುವೆ ಮನೆಯವರ ಹತ್ತಿರ ಆ ಕೊನೆ ಹಾಡು ಯಾವುದು ಅಂತ ಸಂಜೆಯೇ ಕೇಳಿಟ್ಟುಕೊಂಡಿರಿ.