ಅನುಮಾನಕ್ಕೆ ಬೇರೆ ಪದ ಬೇಕಿತ್ತು

ಪ್ರಶ್ನೆ: ಕತೆ ಬರೆಯುತ್ತಿದ್ದೇನೆ. ಅತ್ತೆ ಹಾಲಿಗೆ ಬೆರಳದ್ದಿ, ಹನಿ ಉಗುರಿನ ಮೇಲೆ ನಿಲ್ಲುತ್ತಾ ಅಂತ ನೋಡುತ್ತಾರೆ. ಮಾತಿಲ್ಲ. ಸುಮ್ನೆ ‘ಅನುಮಾನ’ ಅಂದರೆ ಸಪ್ಪೆ. ಬೇರೆ ಏನು ಹಾಕಲಿ?

ಉತ್ತರ: ‘ಗುಮಾನಿ’. ಹಾಲಿನವನ ಮೇಲೆ ಗುಮಾನಿ. ‘ಸಂದೇಹ’ ಬೇಡ, ಅದು ಪಾಠ ಕೇಳುವ ಹುಡುಗನದು, ಮೇಷ್ಟ್ರು ಪರಿಹರಿಸುತ್ತಾರೆ. ‘ಶಂಕಿತ’ವನ್ನು ಪೇಪರಿನವರಿಗೆ ಬಿಡಿ, ಶಂಕಿತ ಡೆಂಗ್ಯೂ ಅಂತ ಬರೆದುಕೊಳ್ಳಲಿ.

ಇನ್ನೊಂದು ಉತ್ತರ: ತಮಾಷೆ ನೋಡಿ, ಸಂಸ್ಕೃತದ ತರ್ಕದಲ್ಲಿ ‘ಅನುಮಾನ’ ಅಂದರೆ ಡೌಟಲ್ಲ. ಬೆಟ್ಟದ ಮೇಲೆ ಹೊಗೆ ಕಂಡು, ಅಲ್ಲಿ ಬೆಂಕಿ ಇದೆ ಅಂತ ತಿಳಿಯುವುದು. ನಿಮ್ಮ ಅತ್ತೆ ಮಾಡುತ್ತಿರುವುದೂ ಅದೇ ಅಲ್ವಾ?

ಕೇಳಿದವಳು: ಗುಮಾನಿಯೇ ಸರಿ. ಆದರೆ ಸೊಸೆಗೇನು ಹೇಳಲಿ? ನೀರು ಬೆರೆಸಿದ್ದು ಅವಳೇ.

ಉತ್ತರ: ಅಯ್ಯೋ! ಹಾಗಾದರೆ ಅವಳದು ‘ಅಳುಕು’.