ಗಂಡನಿಗೆ ಜರ್ಮನಿ ಕೆಲಸ, ನನಗೆ ಹೆರಿಗೆ ರಜೆ: ಯಾವುದು ಮೊದಲು?

ಪ್ರಶ್ನೆ (ಟಿಳಕವಾಡಿ, ಬೆಳಗಾವಿ): ನಮಸ್ಕಾರ ಮೇಡಂ. ನನಗೆ 31 ವರ್ಷ. ಇಲ್ಲಿನ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತೇನೆ. ಎರಡು ವರ್ಷ ಆಯಿತು, ಸಂಬಳ 34 ಸಾವಿರ, ಒಟ್ಟು ಅರವತ್ತು ಜನ ಇದ್ದೇವೆ. ನಮ್ಮ ಮನೆಯವರಿಗೆ ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಇನ್ನು ಮೂರು ತಿಂಗಳಿಗೆ ಹೋಗುತ್ತಾರೆ. ಮೊದಲನೇ ಮಗು ಬೇಕು ಅಂತ ಇಬ್ಬರಿಗೂ ಇದೆ. ಅತ್ತೆ "ಹೆರಿಗೆ ಇಲ್ಲೇ ಮುಗಿಸಿಕೊಂಡು ಹೋಗು" ಅಂತಾರೆ. ಅವ್ವ ಬಾಗಲಕೋಟೆಯಲ್ಲಿ ಬಾಣಂತಿ ಕೋಣೆಗೆ ಸುಣ್ಣ ಹಚ್ಚಿಸೋಕೆ ತಯಾರು. ನಾನಿನ್ನೂ ಗರ್ಭಿಣಿಯೇ ಅಲ್ಲ! ಈಗಲೇ ಪ್ರಯತ್ನಿಸಿ ಇಲ್ಲಿನ ರಜೆ ತಗೊಳ್ಳಲಾ, ಇಲ್ಲ ಅಲ್ಲಿ ಹೋದ ಮೇಲೆ ನೋಡೋಣವಾ?

ಉತ್ತರ (ಎಚ್‌ಆರ್, ಉದ್ಯಮಬಾಗ್): ನಮ್ಮ ಕಂಪನಿಯಿಂದ ಜರ್ಮನಿಗೆ ಹೋದವರ ಕಾಗದಪತ್ರ ನಾನೇ ನೋಡಿದ್ದೇನೆ, ಹಾಗಾಗಿ ಎರಡೂ ಕಡೆಯದು ಹೇಳುತ್ತೇನೆ.

ಮೊದಲು ಇಲ್ಲಿನದು. ಹತ್ತು ಜನ ಅಥವಾ ಜಾಸ್ತಿ ಇರುವ ಕಂಪನಿಯಲ್ಲಿ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ. 2017ರ ತಿದ್ದುಪಡಿಯಿಂದ ಬಂದದ್ದು ಇದು. ಹೊಸ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಲೆಕ್ಕ ಅದೇ. ಹೆರಿಗೆಗೆ ಕೊಟ್ಟ ದಿನಾಂಕದ ಹಿಂದಿನ 12 ತಿಂಗಳಲ್ಲಿ 80 ದಿನ ಕೆಲಸ ಮಾಡಿರಬೇಕು, ಅಷ್ಟೇ. ನಿಮ್ಮ ಸಂಬಳ 21 ಸಾವಿರ ದಾಟಿದೆ, ಆದ್ದರಿಂದ ಇಎಸ್‌ಐ (ಕಡಿಮೆ ಸಂಬಳದ ನೌಕರರ ಸರ್ಕಾರಿ ವಿಮೆ) ಅಲ್ಲ, ಕಂಪನಿಯೇ ಕೊಡಬೇಕು. 26 ವಾರದಲ್ಲಿ 8 ವಾರ ಮಾತ್ರ ಹೆರಿಗೆಗೆ ಮೊದಲು ತಗೊಳ್ಳಬಹುದು. ಮಾರ್ಚ್ 1ಕ್ಕೆ ದಿನಾಂಕ ಕೊಟ್ಟರು ಅಂತ ಇಟ್ಟುಕೊಳ್ಳಿ. ಜನವರಿ 4ಕ್ಕೆ ರಜೆ ಶುರು ಮಾಡಿದರೆ ಜುಲೈ 4ಕ್ಕೆ ಮುಗಿಯುತ್ತದೆ. ಕೂಸಿಗೆ ಆಗ ನಾಲ್ಕು ತಿಂಗಳು.

ಆ ನಾಲ್ಕು ತಿಂಗಳು ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಜಾಸ್ತಿ ಆಗುವುದಿಲ್ಲ, ಕಾಗದಪತ್ರಕ್ಕೇ ಹೋಗುತ್ತದೆ. ಕೂಸಿಗೂ ಬೇರೆ ಪಾಸ್‌ಪೋರ್ಟ್, ಬೇರೆ ವೀಸಾ ಬೇಕು. ವೀಸಾಕ್ಕೆ ಬೆಂಗಳೂರಿಗೆ ಓಡಬೇಕು. ಇದೆಲ್ಲ ಶುರುವಾಗುವುದು ಜನನ ಪ್ರಮಾಣಪತ್ರದಿಂದ. ನಮ್ಮಲ್ಲಿ ತೊಟ್ಟಿಲಿಗೆ ಹಾಕೋ ತನಕ ಹೆಸರು ಬರೆಸುವುದಿಲ್ಲ. ಹೆಸರಿಲ್ಲದ ಸರ್ಟಿಫಿಕೇಟ್ ಹಿಡಿದುಕೊಂಡು ಮುಂದೆ ಹೋಗೋಕೆ ಆಗಲ್ಲ. 21 ದಿನದೊಳಗೆ ನೋಂದಣಿ ಆಗಬೇಕು, ಆಗಲೇ ಹೆಸರು ಕೊಟ್ಟುಬಿಡಿ. ಶಾಸ್ತ್ರ ಆಮೇಲೆ ಮಾಡಿಕೊಳ್ಳಿ.

ಈಗ ಅಲ್ಲಿನದು. ನಿಮ್ಮವರು ಸರ್ಕಾರಿ ಪದ್ಧತಿಯ ಆರೋಗ್ಯ ವಿಮೆ ತಗೊಂಡರೆ, ಕೆಲಸವಿಲ್ಲದ ಹೆಂಡತಿಗೆ ಅದರಲ್ಲೇ ಬೇರೆ ಕಂತಿಲ್ಲದೆ ಜಾಗ ಇದೆ. ನೀವು ಗರ್ಭಿಣಿಯಾಗಿ ಹೋದರೂ ತೊಂದರೆ ಇಲ್ಲ, ಕಾಯುವ ಅವಧಿ ಇಲ್ಲ. ಸಂಬಳ ಜಾಸ್ತಿ ಇದ್ದವರಿಗೆ ಖಾಸಗಿ ವಿಮೆಯ ಆಯ್ಕೆಯೂ ಇರುತ್ತದೆ. ಶುರುವಿಗೆ ಅಗ್ಗ ಕಾಣುತ್ತದೆ, ಆದರೆ ಹೆರಿಗೆಗೆ 8 ತಿಂಗಳು ಕಾಯಬೇಕು ಅನ್ನೋ ಷರತ್ತು ಇರುವುದುಂಟು. ಅಲ್ಲಿ ಇಳಿದ ಮೊದಲ ವಾರದಲ್ಲೇ ಯಾವುದೋ ಫಾರ್ಮ್‌ಗೆ ಸಹಿ ಹಾಕೋ ಮೊದಲು ಇದನ್ನು ಅವರಿಗೆ ಗಟ್ಟಿಯಾಗಿ ಹೇಳಿ. ವೀಸಾಕ್ಕೆ ಮಾಡಿಸುವ ಪ್ರವಾಸ ವಿಮೆಯನ್ನು ಮಾತ್ರ ಹೆರಿಗೆಗೆ ನಂಬಬೇಡಿ.

ನನ್ನ ಮಾತು ಇಷ್ಟೇ: ಒಂದೋ 28 ವಾರ ತುಂಬೋದರೊಳಗೆ ಅಲ್ಲಿ ಸೇರಿಕೊಳ್ಳಿ, ಇಲ್ಲಾ ಬಾಣಂತನ ಪೂರ್ತಿ ಇಲ್ಲೇ ಮುಗಿಸಿ. ನಡುವೆ ಸಿಕ್ಕಿಹಾಕಿಕೊಳ್ಳಬೇಡಿ. ಯಾವ ದಾರಿ ಅಂತ ಇವತ್ತೇ ತೀರ್ಮಾನ ಬೇಡ. ರಾಜೀನಾಮೆಯನ್ನಂತೂ ಈಗ ಕೊಡಲೇಬೇಡಿ.

ಇನ್ನೊಂದು. ಮದುವೆ ನೋಂದಣಿ ಆಗಿದೆಯಾ? ಕಲ್ಯಾಣ ಮಂಟಪದ ರಸೀದಿ, ಆಲ್ಬಮ್ ಯಾವುದೂ ನಡೆಯಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಿನ ಸರ್ಟಿಫಿಕೇಟೇ ಬೇಕು. ಅವರು ವಿಮಾನ ಹತ್ತೋ ಮೊದಲು ಮಾಡಿಸಿ.

ಡಾಕ್ಟರ್ (ಸ್ತ್ರೀರೋಗ ತಜ್ಞೆ, ಬೆಳಗಾವಿ): ಮೇಲಿನವರು 28 ವಾರ ಅಂದದ್ದು ಸರಿ. ಅದು ದಾಟಿದರೆ ಬಹಳಷ್ಟು ಏರ್‌ಲೈನ್ಸ್ ಡಾಕ್ಟರ್ ಪತ್ರ ಕೇಳುತ್ತವೆ. ನಾಲ್ಕರಿಂದ ಆರನೇ ತಿಂಗಳು ಪ್ರಯಾಣಕ್ಕೆ ಒಳ್ಳೆಯದು. ಅಷ್ಟೊತ್ತಿಗೆ 18ರಿಂದ 22 ವಾರದ ನಡುವಿನ ಸ್ಕ್ಯಾನ್ ಮುಗಿದಿದ್ದರೆ ಇನ್ನೂ ನಿರಾಳ. ಓಣಿ ಪಕ್ಕದ ಸೀಟು ತಗೊಳ್ಳಿ, ಗಂಟೆಗೊಮ್ಮೆ ಎದ್ದು ಓಡಾಡಿ. ಸುಮ್ನೆ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಗರ್ಭಿಣಿಯರಿಗೆ ಜಾಸ್ತಿ.

ಆದರೆ ತಾಯಿ, ಗರ್ಭ ಕ್ಯಾಲೆಂಡರ್ ನೋಡಿ ನಿಲ್ಲುವುದಿಲ್ಲ. ಆರೋಗ್ಯವಾಗಿರುವವರಿಗೂ ಒಂದು ವರ್ಷ ಹಿಡಿಯಬಹುದು. ಅದರಲ್ಲೂ ಗಂಡ ಸ್ಟುಟ್‌ಗಾರ್ಟ್, ಹೆಂಡತಿ ಟಿಳಕವಾಡಿ ಆದರೆ ನಾನೇನು ಹೇಳಲಿ! ಈಗ ಮಾಡುವ ಕೆಲಸ ಬೇರೆ ಇದೆ. ಫೋಲಿಕ್ ಆಸಿಡ್ ದಿನಕ್ಕೆ 400 ಮೈಕ್ರೋಗ್ರಾಂ ಇವತ್ತಿಂದಲೇ. ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ, ಬ್ಲಡ್ ಗ್ರೂಪ್ ನೋಡಿಸಿ. ರುಬೆಲ್ಲಾ (ಜರ್ಮನ್ ದಡಾರ) ರಕ್ಷಣೆ ಇಲ್ಲದಿದ್ದರೆ ಎಂಎಂಆರ್ ಲಸಿಕೆ ತಗೊಂಡು ಒಂದು ತಿಂಗಳು ಬಿಟ್ಟು ಪ್ರಯತ್ನಿಸಿ. ಗರ್ಭ ನಿಂತ ಮೇಲೆ ಆ ಲಸಿಕೆ ಕೊಡುವಂತಿಲ್ಲ.

ರಿಪೋರ್ಟುಗಳನ್ನು ಫೈಲಿನಲ್ಲಿಡಿ. ಒಬ್ಬಳು ನನಗೆ ಎಲ್ಲವನ್ನೂ ವಾಟ್ಸಾಪ್ ಫೋಟೋದಲ್ಲಿ ತೋರಿಸಿದಳು, ಮೂಲೆಯಲ್ಲಿ ಅವಳ ಹೆಬ್ಬೆರಳು, ದಿನಾಂಕದ ಮೇಲೆ ಫ್ಲ್ಯಾಶ್ ಬೆಳಕು. ಎಲ್ಲ ಟೆಸ್ಟ್ ಮತ್ತೆ ಮಾಡಿಸಬೇಕಾಯಿತು.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್ ಇಬ್ಬರಿಗೂ. ಇಲ್ಲಿ ಹೆತ್ತು, 26 ವಾರ ಮುಗಿಸಿ ಹಾಗೇ ರಾಜೀನಾಮೆ ಕೊಟ್ಟರೆ ಕಂಪನಿ ದುಡ್ಡು ವಾಪಸ್ ಕೇಳುತ್ತಾ? ರಾಜೀನಾಮೆ ಕೊಟ್ಟು ಮೊದಲೇ ಹೋದರೆ?

ಎಚ್‌ಆರ್: ರಜೆ ಮುಗಿದ ಮೇಲೆ ವಾಪಸ್ ಬಂದೇ ಬರಬೇಕು ಅಂತ ಕಾನೂನಿನಲ್ಲಿಲ್ಲ. ನೋಟಿಸ್ ಅವಧಿ ಎಷ್ಟು ಅಂತ ನೇಮಕಾತಿ ಪತ್ರ ತೆಗೆದು ಓದಿ. ರಜೆಯಲ್ಲಿದ್ದಾಗ ಬೇರೆ ಕಡೆ ಕೆಲಸಕ್ಕೆ ಸೇರಿದರೆ ಮಾತ್ರ ಸೌಲಭ್ಯ ಹೋಗುತ್ತದೆ. ನಾನು ಮೇಜಿನ ಈ ಕಡೆ ಕೂತವಳು, ಆದರೂ ಹೇಳುತ್ತೇನೆ: ಹೋಗುವುದು ಖಾತ್ರಿ ಆದ ದಿನ ಬಾಸ್‌ಗೆ ಬಾಯಿಬಿಟ್ಟು ಹೇಳಿ. ಎಕ್ಸ್‌ಪೀರಿಯನ್ಸ್ ಲೆಟರ್ ಅಲ್ಲೂ ಬೇಕಾಗುತ್ತದೆ.

ಮೊದಲೇ ಬಿಟ್ಟು ಹೋದರೆ ಇಲ್ಲಿನ ರಜೆ ಸಂಬಳ ಮರೆತುಬಿಡಿ. ಅಲ್ಲಿ ಹೆರಿಗೆಗೆ ಮೊದಲು 6 ವಾರ, ಆಮೇಲೆ 8 ವಾರದ ರಜೆ ಇದೆ, ಅದು ಕೆಲಸದಲ್ಲಿರುವವರಿಗೆ. ಕೆಲಸವಿಲ್ಲದ ತಾಯಿಗೂ ಎಲ್ಟರ್ನ್‌ಗೆಲ್ಡ್ ಅನ್ನೋ ಹಣ (ಕೂಸು ನೋಡಿಕೊಳ್ಳುವ ತಂದೆತಾಯಿಗೆ ಅಲ್ಲಿನ ಸರ್ಕಾರ ಕೊಡುವುದು) ತಿಂಗಳಿಗೆ ಕನಿಷ್ಠ 300 ಯೂರೋ ಇದೆ. ನಿಮ್ಮ ವಾಸದ ಪರವಾನಗಿ ಯಾವ ಬಗೆಯದು ಅನ್ನೋದರ ಮೇಲೆ ಅದು ನಿಂತಿದೆ. ಮಗು ಅಲ್ಲಿ ಹುಟ್ಟಿದರೆ ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಿ. ಹೊಸದಾಗಿ ಹೋದವರ ಕೂಸಿಗೆ ಅಲ್ಲಿನ ಪೌರತ್ವ ತಾನಾಗಿ ಬರುವುದಿಲ್ಲ.

ಸದಸ್ಯೆ (ಮೂಲತಃ ವಿಜಯಪುರ, ಈಗ ಜರ್ಮನಿ): ಅಕ್ಕಾ, ಒಂದು ಮಾತು. ಗರ್ಭಿಣಿ ಅಂತ ಗೊತ್ತಾದ ವಾರವೇ ಸೂಲಗಿತ್ತಿಯನ್ನು ಹುಡುಕೋಕೆ ಶುರುಮಾಡಿ, ಇಲ್ಲಿ ಹೆಬಾಮೆ ಅಂತಾರೆ. ನಾನು ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಫೋನ್ ಮಾಡಿದ ಮೇಲೆ ಒಬ್ಬಳು ಒಪ್ಪಿದಳು. ಹೆರಿಗೆ ಆದ ಮೇಲೆ ಮನೆಗೇ ಬರುತ್ತಾಳೆ, ಖರ್ಚು ವಿಮೆಯದು. ಕೂಸಿನ ತೂಕ ಹಿಡಿದು ನೋಡುವ ಜೋಳಿಗೆ ತಕ್ಕಡಿ ತಂದಿದ್ದಳು. ನಮ್ಮೂರ ಸಂತೆಯಲ್ಲಿ ಕಾಳು ತೂಗಿದ ಹಾಗೇ!

ಪ್ರಶ್ನೆ ಕೇಳಿದವರು: ಅವ್ವನನ್ನು ಬಾಣಂತನಕ್ಕೆ ಕರೆಸಿಕೊಳ್ಳಬಹುದಾ? ಅವಳದ್ದು ಒಂದೇ ಚಿಂತೆ, ಅಂಟಿನ ಉಂಡಿ.

ಎಚ್‌ಆರ್: ಬರಬಹುದು. ಭೇಟಿ ವೀಸಾದಲ್ಲಿ 180 ದಿನದಲ್ಲಿ 90 ದಿನ ಮಾತ್ರ. ಹೆರಿಗೆಗೆ ಎರಡು ವಾರ ಮೊದಲು ಬರುವ ಹಾಗೆ ನೋಡಿ, ತೀರಾ ಮೊದಲೇ ಬಂದರೆ ದಿನ ಅಲ್ಲೇ ಹೋಗುತ್ತವೆ. ಅಂಟು, ಉತ್ತತ್ತಿ ಒಯ್ಯಲಿ. ತುಪ್ಪ ಮಾತ್ರ ಬೇಡ, ಹಾಲಿನ ಪದಾರ್ಥ ಯುರೋಪಿನೊಳಗೆ ತರೋಕೆ ಬಿಡುವುದಿಲ್ಲ. ಉಂಡಿ ಅಲ್ಲೇ ಕಟ್ಟಲಿ.

ಪ್ರಶ್ನೆ ಕೇಳಿದವರು: ಅವ್ವನಿಗೆ ಓದಿ ಹೇಳಿದೆ. "ಅಲ್ಲಿ ಬೆಣ್ಣಿ ಸಿಗತೈತೇನ?" ಅಂತ ಕೇಳ್ತಿದಾಳೆ.

ಸದಸ್ಯೆ (ಜರ್ಮನಿ): ಬೇಕಾದಷ್ಟು ಸಿಗುತ್ತದೆ, ಅವ್ವಾರಿಗೆ ಹೇಳಿ. ಕಾಸಿಕೊಳ್ಳೋದು ಅವರ ಕೆಲಸ. ಕಿಟಕಿ ತೆಗೆದು ಕಾಸಲಿ, ಹೊಗೆ ಜಾಸ್ತಿ ಆದರೆ ಚಾವಣಿಯ ಅಲಾರಾಂ ಹೊಡಕೊಳ್ಳುತ್ತೆ.