ಸಹಾಯ ಬೇಕು: ಹೈಕೋರ್ಟ್ ಲಾ ಕ್ಲರ್ಕ್ ಆದ್ರ ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಬೇಕಾದ 7 ವರ್ಷದ ಲೆಕ್ಕ ತಪ್ಪತೈತೇನು?

ಹಿರಿಯ ವಕೀಲರಿಗೆಲ್ಲ ನಮಸ್ಕಾರ್ರಿ. ಬಾಗಲಕೋಟೆಯೊಳಗ ಪ್ರಾಕ್ಟೀಸ್, 5ನೇ ವರ್ಷ ನಡದೈತಿ. ಹೆಚ್ಚಿನವು ಭೂಸ್ವಾಧೀನ ಕೇಸು, ಅಪೀಲೆಲ್ಲಾ ಧಾರವಾಡ ಪೀಠಕ್ಕ. ಅಲ್ಲೇ ನ್ಯಾಯಮೂರ್ತಿಗಳ ಹತ್ರ ಒಂದು ವರ್ಷ ಲಾ ಕ್ಲರ್ಕ್ (ಕೇಸಿನ ಸಂಶೋಧನೆಗೆ ನೆರವಾಗೋ ಸಂಬಳದ ಸಹಾಯಕ) ಆಗಬೇಕಂತ ವಿಚಾರ. ಎರಡನೇ ಅಪೀಲಿನ್ಯಾಗ ಕಾನೂನಿನ ಗಣನೀಯ ಪ್ರಶ್ನೆ ಹೆಂಗ ತಗೀತಾರ ಅನ್ನೋದು ಕೆಳಗಿನ ಕೋರ್ಟಿನ್ಯಾಗ ಕೂತು ಕಲಿಯೂದು ಕಷ್ಟ.

ಬಾರ್ ಕೌನ್ಸಿಲ್ ನಿಯಮ 49 ಓದೇನಿ: ಪೂರ್ಣಾವಧಿ ಸಂಬಳದ ಕೆಲಸ ಹಿಡಿದ್ರ ಪ್ರಾಕ್ಟೀಸ್ ನಿಲ್ಲಿಸಿ ತಿಳಿಸಬೇಕು. ಪ್ರಾಕ್ಟೀಸ್ ಅಮಾನತಿನ್ಯಾಗಿಡಾಕ ಮೂಲ ಸನದನ್ನೂ (ವಕೀಲರ ನೋಂದಣಿ ಪತ್ರ) ಕಳಿಸಬೇಕು. ಕೈಯಾಗಿನ ಫೈಲುಗಳಿಗೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟು ಬ್ಯಾರೆಯವರ ವಕಾಲತ್ತು ಹಾಕಿಸೂದೂ ಐತಿ. (ಕಕ್ಷಿದಾರರು ತಿರುಗಿ ಬರೂದು ದೇವರಿಗೇ ಗೊತ್ತು!)

ಸಿವಿಲ್ ಜಡ್ಜ್ ಹುದ್ದೆಗೆ ಚಿಂತಿ ಇಲ್ಲ. 3 ವರ್ಷದ ಪ್ರಾಕ್ಟೀಸಿನ ಲೆಕ್ಕಕ್ಕ ಲಾ ಕ್ಲರ್ಕ್ ಅನುಭವ ಹಿಡೀಬಹುದಂತ ಸುಪ್ರೀಂ ಕೋರ್ಟ್ 2025ರ ಮೇ 20ರಂದು ಹೇಳೈತಿ. ಗಂಟು ಬಿದ್ದಿದ್ದು ಜಿಲ್ಲಾ ನ್ಯಾಯಾಧೀಶರ ನೇರ ನೇಮಕಾತಿಯೊಳಗ. ಸಂವಿಧಾನದ 233(2)ನೇ ವಿಧಿಗೆ 7 ವರ್ಷ ವಕೀಲಿಕಿ ಬೇಕು, ಅದು ಅರ್ಜಿ ಹಾಕೂತನಕ ಸತತ ಇರಬೇಕಂತ ಸುಪ್ರೀಂ ಕೋರ್ಟಿನ ದೀಪಕ್ ಅಗರ್ವಾಲ್ ತೀರ್ಪು, 2013. ಅದರಾಗ ಸಂಬಳದ ಸರ್ಕಾರಿ ಅಭಿಯೋಜಕರು ಪಾರಾದ್ರು, ಯಾಕಂದ್ರ ಅವರು ಕೋರ್ಟಿನ್ಯಾಗ ವಾದ ಮಾಡ್ತಾರ. ಕ್ಲರ್ಕ್ ವಾದ ಮಾಡಂಗಿಲ್ಲಲ್ರಿ! ಇಬ್ಬರು ಸೀನಿಯರನ್ನ ಕೇಳಿದೆ, ಎರಡು ಉತ್ತರ ಬಂತು.

ಸನದು ಅಮಾನತಿನ್ಯಾಗಿಟ್ಟ ಆ ಒಂದು ವರ್ಷ ಬರೇ ಕಳೀತೈತೋ, ಇಲ್ಲಾ ಮುಂದ 7 ವರ್ಷ ಮತ್ತ ಒಂದರಿಂದ ಎಣಿಸಬೇಕೋ? ಕ್ಲರ್ಕ್ ಆಗಿ ಬಂದು ಜಿಲ್ಲಾ ನ್ಯಾಯಾಧೀಶರ ಹುದ್ದೆಗೆ ಅರ್ಜಿ ಹಾಕಿದವರು ಯಾರರ ಇದ್ರ, ಪರಿಶೀಲನೆಯೊಳಗ ಏನಾತು ಹೇಳ್ರಿ.